ಯಾವ ಬಲ್ಬು ಎಷ್ಟು ದಿನ ಉರಿಯಿತು: ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಲೆಕ್ಕ

2016ರಲ್ಲಿ ಕರೆಂಟ್ ಬಿಲ್ ತೋರಿಸಿ 'ಹೊಸ ಬೆಳಕು' ಯೋಜನೆಯಲ್ಲಿ ಎಲ್‌ಇಡಿ ಬಲ್ಬು ತಂದೆವು. 9 ವ್ಯಾಟಿನವು, ಒಂದಕ್ಕೆ 100 ರೂಪಾಯಿ. ಅಪ್ಪ ಮಾರ್ಕರ್ ಪೆನ್ನು ತೆಗೆದು ಪ್ರತಿ ಬಲ್ಬಿನ ಬುಡದಲ್ಲಿ ತಾರೀಖು ಬರೆದರು. "ಎಷ್ಟು ದಿನ ಬರ್ತದೆ ನೋಡುವ" ಎಂದರು. ಅವತ್ತು ಮನೆಯಲ್ಲಿ ಉರಿಯುತ್ತಿದ್ದ ಬುರುಡೆ ಬಲ್ಬು, ಸಿಎಫ್‌ಎಲ್‌ಗಳಿಗೂ ಅದೇ ಲೆಕ್ಕ ಶುರುವಾಯಿತು. ಬಲ್ಬು ಹೋದಾಗಲೆಲ್ಲ ಗೋಡೆಯ ಕ್ಯಾಲೆಂಡರ್ ಹಿಂದೆ ಗುರುತು ಮಾಡಿಡುತ್ತಾ ಬಂದೆವು. ಈಗ ಅದನ್ನೆಲ್ಲ ಒಟ್ಟಿಗೆ ನೋಡಿದರೆ, ಡಬ್ಬದ ಮೇಲಿನ ಗಂಟೆಗಳಿಗಿಂತ ಬಲ್ಬು ತೂಗುವ ಜಾಗವೇ ಜಾಸ್ತಿ ಮಾತಾಡುತ್ತದೆ.

ಮೊದಲು ಬುರುಡೆ ಬಲ್ಬು. 60 ವ್ಯಾಟಿನದು ಜಗುಲಿಯಲ್ಲಿತ್ತು. ಇದರ ಆಯಸ್ಸು ಸುಮಾರು 1000 ಗಂಟೆ ಅಂತಾರೆ. ದಿನಕ್ಕೆ 5 ಗಂಟೆ ಉರಿಸಿದರೆ ಆರೂವರೆ ತಿಂಗಳು ಬರಬೇಕು. ನಮ್ಮಲ್ಲಿ ನಾಲ್ಕು ತಿಂಗಳು ದಾಟಿದ್ದೇ ಅಪರೂಪ. ಕಾರಣ ವೋಲ್ಟೇಜು. ಸಂಜೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಮಿಕ್ಸಿ. ಆಗ ಬಲ್ಬಿನ ತಂತಿ ಕೆಂಪಗೆ ಕಾಣುತ್ತದೆ. ವೋಲ್ಟೇಜು 10 ಪರ್ಸೆಂಟ್ ಬಿದ್ದರೆ ಬೆಳಕು ಸುಮಾರು 30 ಪರ್ಸೆಂಟ್ ಬೀಳುತ್ತದೆ. ರಾತ್ರಿ ಹತ್ತು ದಾಟಿದ ಮೇಲೆ ಊರು ಮಲಗುತ್ತದೆ, ವೋಲ್ಟೇಜು ಏರುತ್ತದೆ. ಇರಬೇಕಾದ್ದಕ್ಕಿಂತ ಬರೀ 5 ಪರ್ಸೆಂಟ್ ಜಾಸ್ತಿಯಾದರೂ ತಂತಿಯ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೇಕಾದಾಗ ಬೆಳಕಿಲ್ಲ, ಬೇಡದ ಹೊತ್ತಿನಲ್ಲಿ ಬಲ್ಬು ಸವೆಯುತ್ತದೆ. ದಿನಕ್ಕೆ 5 ಗಂಟೆಯಂತೆ ವರ್ಷಕ್ಕೆ ಇದು 109 ಯೂನಿಟ್ ತಿನ್ನುತ್ತದೆ. ಅದಕ್ಕಿಂತ ಚೂರು ಜಾಸ್ತಿಯೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ 16 ಯೂನಿಟ್ ಸಾಕು.

ಸಿಎಫ್‌ಎಲ್ ಬಗ್ಗೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಅಡುಗೆಮನೆಯಲ್ಲಿ ಒಂದು ಮೂರು ವರ್ಷ ಬಂತು, ಅದನ್ನು ಒಪ್ಪಬೇಕು. ಅಲ್ಲಿ ಸಂಜೆ ಒಮ್ಮೆ ಹಾಕಿದರೆ ಊಟ ಮುಗಿಯುವವರೆಗೆ ಆರಿಸುವುದಿಲ್ಲ. ಅದೇ ಕಂಪನಿಯದು ಬಚ್ಚಲುಮನೆಯಲ್ಲಿ ಒಂದು ವರ್ಷಕ್ಕೇ ಬುಡ ಕಪ್ಪಾಗಿ ಹೋಯಿತು. ಪದೇ ಪದೇ ಸ್ವಿಚ್ ಹಾಕಿ ಆರಿಸುವುದು ಇದಕ್ಕೆ ಆಗುವುದಿಲ್ಲ. ಮಳೆಗಾಲದ ಥಂಡಿಯಲ್ಲಂತೂ ಪೂರ್ತಿ ಬೆಳಕು ಬರಲು ಒಂದು ನಿಮಿಷ ಕಾಯಬೇಕಿತ್ತು. ಒಳಗೆ ಪಾದರಸ ಬೇರೆ ಇದೆ. ಯಾರ ಮನೆಯಲ್ಲಾದರೂ ಇನ್ನೂ ಇದ್ದು ಒಡೆದರೆ, ಕಿಟಕಿ ತೆಗೆದು ಸ್ವಲ್ಪ ಹೊತ್ತು ಹೊರಗಿರಿ. ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಕಾಗದದಲ್ಲಿ ಒರೆಸಿ ತೆಗೆಯಿರಿ.

ಎಲ್‌ಇಡಿಯಲ್ಲಿ ಒಳ್ಳೆಯದೂ ಕೆಟ್ಟದೂ ಎರಡನ್ನೂ ಕಂಡೆವು. ಅಡುಗೆಮನೆಗೆ ಹಾಕಿದ ಯೋಜನೆಯ ಬಲ್ಬು 8 ವರ್ಷ ದಾಟಿಯೂ ಉರಿಯುತ್ತಿದೆ. ದಿನಕ್ಕೆ 6 ಗಂಟೆ ಅಂತ ಹಿಡಿದರೂ 17,000 ಗಂಟೆ ಮೀರಿತು. ಹೋದ ದೀಪಾವಳಿಗೆ ಪಕ್ಕದಲ್ಲಿ ಹೊಸದೊಂದನ್ನು ಹಾಕಿದಾಗ ವ್ಯತ್ಯಾಸ ಎದ್ದು ಕಂಡಿತು. ಹಳೆಯದು ಮಂಕಾಗಿತ್ತು. ಎಲ್‌ಇಡಿ ಬುರುಡೆ ಬಲ್ಬಿನ ಹಾಗೆ ಒಮ್ಮೆಗೇ ಹೋಗಬೇಕೆಂದಿಲ್ಲ, ನಿಧಾನಕ್ಕೆ ಕುಗ್ಗುತ್ತದೆ. ಅದರ ಆಯಸ್ಸನ್ನು ಅಳೆಯುವಾಗ ಸಾಮಾನ್ಯವಾಗಿ ಬೆಳಕು ಮೊದಲಿನ 70 ಪರ್ಸೆಂಟಿಗೆ ಇಳಿಯುವ ತನಕ ಅಂತ ಲೆಕ್ಕ ಹಿಡಿಯುತ್ತಾರೆ.

ಜಗುಲಿಯ ಕತೆ ಬೇರೆ. ಅಲ್ಲಿ ಅಜ್ಜನ ಕಾಲದ ಹಾಲುಬಣ್ಣದ ಗಾಜಿನ ಗುಂಡು ಇದೆ, ಸುತ್ತ ಮುಚ್ಚಿದ್ದು. ಬುರುಡೆ ಬಲ್ಬಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಅಂಗಡಿಯಿಂದ ತಂದ ಎಲ್‌ಇಡಿ ಅದರೊಳಗೆ 11 ತಿಂಗಳಿಗೆ ಹೋಯಿತು. ಇನ್ನೊಂದು ಕಂಪನಿಯದು ಹಾಕಿದೆ. ಅದೂ 14 ತಿಂಗಳು. ಬಿಚ್ಚಿ ನೋಡಿದರೆ ಸಣ್ಣ ಸಣ್ಣ ಚಿಪ್‌ಗಳಲ್ಲಿ ಒಂದರ ಮೇಲೆ ಕಪ್ಪು ಚುಕ್ಕೆ. ಅವು ಸಾಲಾಗಿ ಜೋಡಿಸಿರುತ್ತವೆ, ಒಂದು ಸುಟ್ಟರೆ ಇಡೀ ಬಲ್ಬು ಆರುತ್ತದೆ. ಎರಡನೆಯದರಲ್ಲಿ ಕೆಪಾಸಿಟರ್, ಅಂದರೆ ಕರೆಂಟನ್ನು ಹಿಡಿದಿಟ್ಟು ಸಮನಾಗಿ ಬಿಡುವ ಪುಟ್ಟ ಡಬ್ಬಿ, ತಲೆ ಉಬ್ಬಿತ್ತು. ಅದಕ್ಕೆ ಸೆಖೆ ಆಗುವುದಿಲ್ಲ. ಪ್ರತಿ 10 ಡಿಗ್ರಿ ಬಿಸಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧವಾಗುತ್ತದೆ. ಮುಚ್ಚಿದ ಗಾಜಿನೊಳಗೆ ಬಿಸಿ ಹೋಗುವುದೆಲ್ಲಿಗೆ ಅಲ್ವಾ? ನಮ್ಮ ಪೇಟೆಯಲ್ಲಿ ಸುಟ್ಟ ಚಿಪ್‌ಗೆ ಬೆಸುಗೆ ಹಾಕಿ ಸರಿ ಮಾಡಿಕೊಡುತ್ತಾರೆ. ಹಾಗೆ ಮಾಡಿಸಿದ್ದು ಎರಡೇ ತಿಂಗಳು ಬಂತು. ಬಿಚ್ಚಿದ ಬಲ್ಬನ್ನು ಹೋಲ್ಡರಿಗೆ ಹಾಕಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಮಕ್ಕಳ ಕೈಗೆ ಕೊಡಬೇಡಿ.

ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಎಲ್‌ಇಡಿಯನ್ನೂ ಒಮ್ಮೆ ತಂದೆ. ಡಬ್ಬದ ಮೇಲೆ 9 ವ್ಯಾಟ್ ಅಂತಿತ್ತು, ಬೆಳಕಿನ ಅಳತೆಯಾದ ಲ್ಯೂಮೆನ್ ಎಷ್ಟೆಂದು ಇರಲಿಲ್ಲ. ಕೈಯಲ್ಲಿ ಹಿಡಿದರೆ ಹತ್ತಿಯ ಹಾಗೆ ಹಗುರ. ಮೇ ತಿಂಗಳ ಮೊದಲ ಗುಡುಗು ಮಳೆಗೇ ಹೋಯಿತು. ಅವತ್ತು ಬೇರೆ ಯಾವ ಬಲ್ಬಿಗೂ ಏನೂ ಆಗಲಿಲ್ಲ.

ಬಚ್ಚಲುಮನೆಯಲ್ಲಿ ಹಂಡೆ ಒಲೆಯ ಹೊಗೆ, ಹಬೆ ಎರಡೂ. ಅಲ್ಲಿ ಬುರುಡೆ ಬಲ್ಬು ಬಿಸಿಯಾಗಿದ್ದಾಗ ನೀರು ಸಿಡಿದು ಒಡೆದದ್ದುಂಟು. ಎಲ್‌ಇಡಿ ತಡೆದುಕೊಂಡಿತು. ಆದರೆ ತುಕ್ಕು ಹಿಡಿದ ಹೋಲ್ಡರಿನಲ್ಲಿ ಪಿನ್ನು ಸರಿಯಾಗಿ ಕೂರದೆ ಮಿಣಮಿಣ ಅನ್ನುತ್ತಿತ್ತು. ಬಲ್ಬಿನದೇ ದೋಷ ಅಂದುಕೊಂಡು ಸುಮ್ನೆ ಎರಡು ಬದಲಿಸಿದೆವು. ಹೋಲ್ಡರ್ ಬದಲಿಸಿದ ಮೇಲೆ ನಾಲ್ಕು ವರ್ಷದಿಂದ ಒಂದೇ ಬಲ್ಬು.

ಟ್ಯೂಬ್‌ಲೈಟಿಗೂ ಒಂದು ಮಾತು. ನಡುಮನೆಯ ಹಳೆ ಪಟ್ಟಿಯ ತಾಮ್ರದ ಚೋಕು ಇಪ್ಪತ್ತು ವರ್ಷ ಬಂತು. ಅಷ್ಟು ಬಾಳಿದ ಸಾಮಾನು ನಮ್ಮಲ್ಲಿ ಬೇರೆ ಇಲ್ಲ. ಆದರೆ ಸಂಜೆ ವೋಲ್ಟೇಜು ಬಿದ್ದರೆ ಅದು ಹತ್ತಿಕೊಳ್ಳುತ್ತಲೇ ಇರಲಿಲ್ಲ. 36 ವ್ಯಾಟಿನ ಟ್ಯೂಬಿಗೆ ಚೋಕಿನ ಖರ್ಚು ಹತ್ತು ವ್ಯಾಟಿನಷ್ಟು ಬೇರೆ. ಈಗಿರುವ 20 ವ್ಯಾಟಿನ ಎಲ್‌ಇಡಿ ಪಟ್ಟಿ ಸ್ವಿಚ್ ಒತ್ತಿದ ತಕ್ಷಣ ಹತ್ತುತ್ತದೆ.

ದೇವರ ಕೋಣೆಯ ಝೀರೋ ಬಲ್ಬು ಹೆಸರಿಗೆ ಸೊನ್ನೆ, ಎಳೆಯುವುದು ಸುಮಾರು 15 ವ್ಯಾಟ್. ರಾತ್ರಿ 10 ಗಂಟೆ ಉರಿದರೆ ವರ್ಷಕ್ಕೆ 54 ಯೂನಿಟ್. ಅರ್ಧ ವ್ಯಾಟಿನ ಎಲ್‌ಇಡಿಗೆ 2 ಯೂನಿಟ್ಟೂ ಆಗುವುದಿಲ್ಲ. ಗೃಹಜ್ಯೋತಿ ಬಂದಮೇಲೆ ಬಿಲ್ಲಿನ ಚಿಂತೆ ಯಾಕೆ ಅನ್ನಬಹುದು. ಅಲ್ಲೂ ಮನೆಗಿಷ್ಟು ಯೂನಿಟ್ ಎಂಬ ಮಿತಿ ಇದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅಡಿಕೆ ಸುಲಿಯುವ ಚಪ್ಪರ. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಬೆರಳಿನ ಪಕ್ಕದಲ್ಲೇ ಅಲಗು. ಮೊದಲ ವರ್ಷ ಬೆಳ್ಳಗಿನ ಎಲ್‌ಇಡಿ ಹಾಕಿದೆ, ಬೆಳಕು ಜಾಸ್ತಿ ಅಂತ. ಎರಡನೇ ದಿನ ಸುಲಿಯಲು ಬರುವ ಅಕ್ಕ ಹೇಳಿದರು, "ಈ ಬಿಳಿ ಲೈಟಲ್ಲಿ ಕಣ್ಣು ಉರೀತದೆ ಮಾರಾಯ್ರೆ, ಹುಳ ಬೇರೆ ಮೈಮೇಲೆ ಬೀಳ್ತದೆ. ಹಳದಿದೇ ಹಾಕಿ." ಬಲ್ಬನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿದೆ. ಪರದೆ ಮೇಲೆ ಪಟ್ಟೆಪಟ್ಟೆ ಓಡುತ್ತಿತ್ತು. ಕಣ್ಣಿಗೆ ಗೊತ್ತಾಗದಂತೆ ಬಲ್ಬು ಮಿನುಗುತ್ತಿತ್ತು ಅಂತ ಅದರರ್ಥ. ಮಿನುಗದ ಹಳದಿ ಎಲ್‌ಇಡಿ ಎರಡನ್ನು ತಂದು, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಕಟ್ಟಿದೆ. ಕೈಯ ನೆರಳು ಅಲಗಿನ ಮೇಲೆ ಬೀಳುವುದು ತಪ್ಪಿತು. ನೀಲಿ ಬೆಳಕು ಕಡಿಮೆ ಇರುವ ಹಳದಿಗೆ ಹುಳವೂ ಕಡಿಮೆ ಬಂತು. ಬಣ್ಣದಲ್ಲಿ ಮಾತ್ರ ಹಳೆ ಬುರುಡೆ ಬಲ್ಬಿಗೆ ಸಮ ಯಾವುದೂ ಇಲ್ಲ. ಹಣ್ಣಡಿಕೆ, ಕಾಯಿ ಬೇರೆ ಮಾಡುವ ಮೂಲೆಯಲ್ಲಿ ಆ ಅಕ್ಕನಿಗಾಗಿ ಈಗಲೂ ಒಂದು ಬುರುಡೆ ಬಲ್ಬು ತೂಗುತ್ತಿದೆ.

ಜಗುಲಿಯ ಗಾಜಿನ ಗುಂಡನ್ನು ಅಮ್ಮ ತೆಗೆಯಲು ಬಿಡಲಿಲ್ಲ. ಅದರ ಪಕ್ಕದ ಕಂಬಕ್ಕೆ ಬರೀ ಹೋಲ್ಡರ್ ಹಾಕಿ ಎಲ್‌ಇಡಿ ಸಿಕ್ಕಿಸಿದ್ದೇನೆ. ಬುಡದಲ್ಲಿ ಅಪ್ಪನ ಅಕ್ಷರದಲ್ಲಿ 2021 ಅಂತಿದೆ, ಇನ್ನೂ ಉರಿಯುತ್ತಿದೆ.