ಡೈ ಇಂಕಾ, ಪಿಗ್ಮೆಂಟಾ? ಒಂದೇ ಫೋಟೋ, ಮೂರು ಪ್ರಿಂಟ್

ನನ್ನ ಮನೆಯಲ್ಲಿರುವುದು ಎಪ್ಸನ್ ಎಲ್8050, ಬಾಟಲಿಯಿಂದ ಇಂಕ್ ತುಂಬುವ, ಆರು ಬಣ್ಣದ ಡೈ ಇಂಕಿನ (ದ್ರವದಲ್ಲಿ ಕರಗಿರುವ ಬಣ್ಣ) ಟ್ಯಾಂಕ್ ಪ್ರಿಂಟರ್. ಗೆಳೆಯನ ಸ್ಟುಡಿಯೋದಲ್ಲಿ ಕ್ಯಾನನ್ ಪ್ರೊ-300 ಇದೆ, ಹತ್ತು ಕಾರ್ಟ್ರಿಜ್‌ಗಳ ಪಿಗ್ಮೆಂಟ್ (ಕರಗದ ಬಣ್ಣದ ಕಣಗಳ ಇಂಕ್) ಯಂತ್ರ. ಅಜ್ಜಿ ಇಳಕಲ್ ಸೀರೆ ಉಟ್ಟು ಕಟ್ಟೆ ಮೇಲೆ ಕೂತ ಫೋಟೋವನ್ನು ಎರಡರಲ್ಲೂ ಪ್ರಿಂಟ್ ತೆಗೆದೆವು. ಮೂರನೆಯದನ್ನು ಅಗ್ಗದ ಕಂಪ್ಯಾಟಿಬಲ್ ಇಂಕ್ (ಪ್ರಿಂಟರ್ ಕಂಪನಿಯದಲ್ಲದ, ಬೇರೆಯವರು ಮಾಡಿದ ಇಂಕ್) ತುಂಬಿದ್ದ ಅವನ ಹಳೇ ಡೈ ಪ್ರಿಂಟರಿನಲ್ಲಿ ತೆಗೆದೆವು.

ಗ್ಲಾಸಿ ಪೇಪರಿನಲ್ಲಿ ಮೊದಲ ನೋಟಕ್ಕೆ ಗೆದ್ದದ್ದು ಡೈ. ಸೆರಗಿನ ಕೆಂಪು ಝಗ್ಗನೆ ಬಂತು. ಡೈ ಪೇಪರಿನೊಳಗೆ ಇಳಿಯುತ್ತದೆ, ಹಾಗಾಗಿ ಹೊಳಪು ಎಲ್ಲ ಕಡೆ ಒಂದೇ ಸಮ. ಪಿಗ್ಮೆಂಟ್ ಸಣ್ಣ ಕಣಗಳಾಗಿ ಮೇಲೇ ಕೂರುತ್ತದೆ. ಪ್ರೊ-300ರಲ್ಲಿ ಹೊಳಪು ಸಮ ಮಾಡಲೆಂದೇ ಕ್ರೋಮಾ ಆಪ್ಟಿಮೈಸರ್ ಎಂಬ ಬಣ್ಣವಿಲ್ಲದ ದ್ರವವಿದೆ. ಆದರೂ ಓರೆ ಹಿಡಿದರೆ ಕಪ್ಪು ಜಾಗ ಸ್ವಲ್ಪ ಬೇರೆಯಾಗಿ ಮಿನುಗುತ್ತದೆ. ಹತ್ತಿಯಿಂದ ಮಾಡಿದ, ಹೊಳಪಿಲ್ಲದ ಮ್ಯಾಟ್ ಪೇಪರಿಗೆ ಬಂದರೆ ಮಾತೇ ಬೇರೆ. ಅಜ್ಜಿಯ ಕೆನ್ನೆಯ ಸುಕ್ಕು, ಸೆರಗಿನ ಬಿಳಿ ತೆನೆಯ ಗೆರೆ ಪಿಗ್ಮೆಂಟಿನಲ್ಲಿ ಬಿಡಿಸಿ ಬರೆದ ಹಾಗಿದ್ದವು.

ಬಾಳಿಕೆ ನೋಡಲು ಗ್ಲಾಸಿ ಪ್ರಿಂಟುಗಳನ್ನು ಅರ್ಧ ಕತ್ತರಿಸಿ ಒಂದೊಂದು ತುಂಡು ಕಿಟಕಿ ಪಕ್ಕ ಅಂಟಿಸಿದೆ, ಉಳಿದದ್ದು ಆಲ್ಬಮಿನಲ್ಲಿ. ಮೊದಲು ಸೋತದ್ದು ಕಂಪ್ಯಾಟಿಬಲ್. ಅಜ್ಜಿಯ ಮುಖ ಕೆಂಪಗಾಗಿ, ಹಿಂದಿನ ಗಿಡದ ಹಸಿರು ಒಣಗಿದ ಹಾಗಾಯಿತು. ಸಯಾನ್, ಅಂದರೆ ಹಸಿರು ಬೆರೆತ ನೀಲಿ ಇಂಕ್, ಹಾರಿದರೆ ಹೀಗೇ ಆಗೋದು. ಇದು ಬರೀ ಬಿಸಿಲಿನ ಕೆಲಸವಲ್ಲ. ಬೇಗ ಒಣಗುವ ಗ್ಲಾಸಿ ಪೇಪರಿನ ಮೈ ತುಂಬ ಕಾಣದ ರಂಧ್ರಗಳು. ಅಲ್ಲಿಂದ ಗಾಳಿಯ ಓಝೋನ್ ನುಗ್ಗಿ ಡೈಯನ್ನು ತಿನ್ನುತ್ತದೆ. 2000ದಲ್ಲಿ ಎಪ್ಸನ್ ಸ್ಟೈಲಸ್ ಫೋಟೋ 870, 1270ರ ಪ್ರಿಂಟುಗಳು ಕೆಲವರ ಮನೆಯಲ್ಲಿ ಕಿತ್ತಳೆಗೆ ತಿರುಗಿದ್ದೂ ಇದರಿಂದಲೇ. ನನ್ನ ಎಲ್8050ರ, ಕಂಪನಿಯದೇ ಡೈ ಇಂಕ್ ನಿಧಾನವಾಗಿ ಮಂಕಾಯಿತು. ಪಿಗ್ಮೆಂಟಿನ ಎರಡು ತುಂಡು ಜೋಡಿಸಿದರೆ ನನ್ನ ಕಣ್ಣಿಗಂತೂ ವ್ಯತ್ಯಾಸ ಕಾಣಲಿಲ್ಲ. ಆಲ್ಬಮಿನೊಳಗೆ ಡೈಯೂ ಚೆನ್ನಾಗಿಯೇ ಇದೆ.

ಗಾಜು ಹಾಕಿದರೆ ಡೈಗೂ ಆಯಸ್ಸು ಜಾಸ್ತಿ. ಆದರೆ ಗಾಜು ಫೋಟೋಗೆ ತಾಗಬಾರದು, ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ. ನಡುವೆ ಮೌಂಟ್ ಬೋರ್ಡ್ (ಫೋಟೋ ಸುತ್ತ ಇಡುವ ದಪ್ಪ ರಟ್ಟಿನ ಚೌಕಟ್ಟು) ಹಾಕಿಸಿ.

ಖರ್ಚು? ಎಲ್8050ರ ಬಾಟಲಿ 70 ಮಿ.ಲೀ. ಪ್ರೊ-300ರ ಕಾರ್ಟ್ರಿಜ್ ಬರೀ 14.4 ಮಿ.ಲೀ. ಅದರ ಮೇಲೆ ಪಿಗ್ಮೆಂಟ್ ಯಂತ್ರವನ್ನು ಸುಮ್ನೆ ಇಟ್ಟರೆ ಇಂಕ್ ಚಿಮ್ಮುವ ನಳಿಕೆ ಕಟ್ಟಿಕೊಳ್ಳಬಹುದು, ಹೆಡ್ ಕ್ಲೀನಿಂಗಿಗೇ ಇಂಕ್ ಸುರಿಯಬೇಕು.

ಹಾಗಾಗಿ ವಾರವಾರ ದೊಡ್ಡ ಪ್ರಿಂಟ್ ತೆಗೆಯದವರು ಪಿಗ್ಮೆಂಟ್ ಪ್ರಿಂಟರ್ ಕೊಳ್ಳಬೇಡಿ. ಆಲ್ಬಮಿಗೆ ಡೈ ಟ್ಯಾಂಕ್, ಅದೇ ಕಂಪನಿಯ ಇಂಕ್ ಮತ್ತು ಪೇಪರ್ ಸಾಕು. ಗೋಡೆಗೆ ಬೇಕಾದ ನಾಲ್ಕೈದು ಫೋಟೋ ಸ್ಟುಡಿಯೋದಲ್ಲಿ ಪಿಗ್ಮೆಂಟಿನಲ್ಲೇ ಮಾಡಿಸಿ. ಕೊಡುವ ಮೊದಲು ಯಾವ ಇಂಕ್, ಯಾವ ಪೇಪರ್ ಅಂತ ಕೇಳಿ. ಕಂಪ್ಯಾಟಿಬಲ್ ಇಂಕ್ ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ ಆಗುತ್ತದೆ.