ಒಣ ಪಾಚಿ, ಗೋಲ್ಡ್ ಸ್ಪ್ರೇ, ತೇಲುವ ಮೇಣದಬತ್ತಿ: ಈ ಮೂರನ್ನು ಒಂದೇ ಟೇಬಲ್ ಮೇಲೆ ಇಡಬೇಡಿ

ಮಳೆಗಾಲದಲ್ಲಿ ಚಿಕ್ಕಮಗಳೂರಿನ ಒಂದು ಛತ್ರದಲ್ಲಿ ನಿಶ್ಚಿತಾರ್ಥದ ಊಟ ನಡೆಯುತ್ತಿದ್ದಾಗ ಟೇಬಲ್ ನಡುವಿನ ಅಲಂಕಾರ ಹೊತ್ತಿಕೊಂಡಿತು. ಗಾಜಿನ ಬೌಲು ಸೀಳಿತು, ಟೇಬಲ್ ಬಟ್ಟೆ ಕರಗಿತು, ಒಬ್ಬರ ಮುಂಗೈಗೆ ಬಿಸಿ ಮೇಣ ಸಿಡಿದು ಬೊಬ್ಬೆ ಎದ್ದಿತು. ಮನೆಯವರೇ ಆಸೆಯಿಂದ ಮಾಡಿದ ಅಲಂಕಾರ ಅದು. ಇಂಥದ್ದನ್ನು ಮಾಡಿ ತೋರಿಸುವ ವಿಡಿಯೊಗಳು ಎಲ್ಲರ ಫೋನಿನಲ್ಲೂ ಇವೆ, ಆದರೆ ಅವುಗಳಲ್ಲಿ ಯಾವುದೂ ಫ್ಯಾನ್ ಕೆಳಗೆ ಮೂರು ಗಂಟೆ ಉರಿದಿರುವುದಿಲ್ಲ.

ಕಟ್ಟಿದ್ದು ಹೀಗೆ. ಅಡಿಯಲ್ಲಿ ಥರ್ಮಕೋಲ್ ಹಲಗೆ. ಅದು ಕಾಣದಂತೆ ಮೇಲೆ ಸಿಲ್ವರ್ ಓಕ್ ಮರದಿಂದ ಬಿಡಿಸಿ ಒಣಗಿಸಿದ ಪಾಚಿ. ಸುತ್ತಲೂ ಗಿಡಕಸಿಯಲ್ಲಿ, ಅಂದರೆ ಕಾಫಿ ಗಿಡ ಸವರುವಾಗ, ಉಳಿದ ಕಾಫಿ ರೆಕ್ಕೆಗಳು (ಸಣ್ಣ ಕೊಂಬೆಗಳು), ಗೋಲ್ಡ್ ಸ್ಪ್ರೇ ಹೊಡೆದು ಕಂತೆ ಕಟ್ಟಿದ್ದು. ನಡುವೆ ಆರಿಂಚಿನ ಗಾಜಿನ ಬೌಲು, ಕಂಠದವರೆಗೆ ನೀರು, ಅದರಲ್ಲಿ ಮೂರು ತೇಲುವ ಮೇಣದಬತ್ತಿ. ನೋಡಲು ಚೆಂದವೇ ಇತ್ತು.

ಮನೆಯಲ್ಲಿ ಹತ್ತು ನಿಮಿಷ ಹಚ್ಚಿ ನೋಡಿದಾಗ ಏನೂ ಆಗಿರಲಿಲ್ಲ. ಛತ್ರದಲ್ಲಿ ಸೀಲಿಂಗ್ ಫ್ಯಾನ್ ಇತ್ತು. ಗಾಳಿಗೆ ಜ್ವಾಲೆ ನೇರ ನಿಲ್ಲುವುದಿಲ್ಲ, ಬಾಗುತ್ತದೆ. ಜೊತೆಗೆ ನೀರಿನ ಮೇಲಿನ ಬತ್ತಿಗಳೂ ಸರಿಯುತ್ತಾ ಹೋಗಿ ಬೌಲಿನ ಒಂದೇ ಅಂಚಿಗೆ ಸೇರುತ್ತವೆ. ಮೂರು ಜ್ವಾಲೆ ಒತ್ತಟ್ಟಿಗೆ ಬಂದರೆ ಒಂದರ ಬಿಸಿಗೆ ಇನ್ನೊಂದರ ಮೇಣ ಬೇಗ ಕರಗಿ, ಉರಿ ಎತ್ತರವಾಗುತ್ತದೆ. ನೀರು ಕಂಠದವರೆಗೆ ಇದ್ದುದರಿಂದ ಜ್ವಾಲೆ ಅಂಚಿಗಿಂತ ಮೇಲೇ ಇತ್ತು. ಅಲ್ಲೇ ಕಾಫಿ ರೆಕ್ಕೆಯ ತುದಿ ಬಾಗಿ ನಿಂತಿತ್ತು.

ಸ್ಪ್ರೇ ವಿಷಯಕ್ಕೆ ಬನ್ನಿ. ಡಬ್ಬಿಯ ಮೇಲೆ ಬರೆದಿರುವ ಒಣಗುವ ಸಮಯ ಬೆಚ್ಚಗಿನ ಒಣ ಹವೆಯದು. ಜುಲೈ ತಿಂಗಳ ಮಲೆನಾಡಿನ ಥಂಡಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಹೊರಗಿನಿಂದ ಮುಟ್ಟಿದರೆ ಒಣಗಿದಂತೆ ಅನಿಸುತ್ತದೆ, ಕಂತೆಯ ಒಳಗೆ ಥಿನ್ನರ್ ಅಂಶ ಉಳಿದೇ ಇರುತ್ತದೆ. ಮೂಗಿಗೆ ಹಿಡಿದಾಗ ಸ್ವಲ್ಪ ವಾಸನೆ ಬಂದರೂ ಅದು ಹಸಿಯೇ. ಪೂರ್ತಿ ಒಣಗಿದ ಬಣ್ಣ ಸಹ ಬೆಂಕಿಗೆ ಹಿಡಿದರೆ ಉರಿಯುತ್ತದೆ. ಥರ್ಮಕೋಲ್ ಮೇಲೆ ಇದೇ ಸ್ಪ್ರೇ ಬಿದ್ದರೆ ಅದನ್ನು ತಿಂದು ಗುಳಿ ಮಾಡುತ್ತದೆ. ಆ ಗುಳಿ ಮುಚ್ಚಲು ಜನ ಇನ್ನಷ್ಟು ಪಾಚಿ ತುಂಬುತ್ತಾರೆ, ಅಂದರೆ ಬೆಂಕಿಗೆ ಇನ್ನಷ್ಟು ಮೇವು. ಒಣ ಪಾಚಿಗೆ ಒಂದು ಕಿಡಿ ಸಾಕು. ಹಸಿ ಪಾಚಿ ಇಟ್ಟರೆ ಆಯಿತಲ್ಲ ಅನ್ನಬೇಡಿ, ಫ್ಯಾನ್ ಗಾಳಿಗೆ ಅದರ ಮೇಲ್ಪದರ ಊಟ ಮುಗಿಯುವುದರೊಳಗೆ ಒಣಗಿಬಿಡಬಹುದು.

ಹೊತ್ತಿಕೊಂಡ ಮೇಲೆ ಆದದ್ದು ಇನ್ನೂ ಕೆಟ್ಟದು. ಗಾಬರಿಯಲ್ಲಿ ಯಾರೋ ಜಗ್ಗಿನ ನೀರು ಸುರಿದರು. ಉರಿಯುವ ಮೇಣಕ್ಕೆ ನೀರು ಬಿದ್ದರೆ ಅದು ತಕ್ಷಣ ಆವಿಯಾಗಿ ಮೇಣವನ್ನು ಸಿಡಿಸುತ್ತದೆ. ಕಾದ ಗಾಜಿಗೆ ತಣ್ಣೀರು ತಾಗಿದರೆ ಸೀಳುತ್ತದೆ. ನೀರಿನ ಬದಲು ಅಗಲವಾದ ಸ್ಟೀಲ್ ಪಾತ್ರೆ ಅಥವಾ ಬೇಸಿನ್ ಬೋರಲು ಹಾಕಿ, ತಣ್ಣಗಾಗುವವರೆಗೆ ಎತ್ತಬೇಡಿ. ಮೇಣ ಬಿದ್ದ ಚರ್ಮವನ್ನು 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಅಂಟಿದ ಮೇಣ ಕೀಳಬೇಡಿ, ಟೂತ್‌ಪೇಸ್ಟ್ ಹಚ್ಚಬೇಡಿ. ಟೇಬಲ್ ಬಟ್ಟೆ ಹತ್ತಿಯದ್ದೇ ಇರಲಿ. ಪಾಲಿಯೆಸ್ಟರ್ ಸ್ಯಾಟಿನ್ ಕರಗಿ ಮೈಗೆ ಅಂಟುತ್ತದೆ.

ಮೇಣದಬತ್ತಿ ಬೇಕೇ ಬೇಕು ಅನ್ನುವವರು ಕನಿಷ್ಠ ಹತ್ತಿಂಚು ಬಾಯಿಯ ಬೌಲು ತೆಗೆದುಕೊಳ್ಳಿ. ನೀರು ಅಂಚಿಗಿಂತ ಎರಡು ಮೂರು ಇಂಚು ಕೆಳಗಿರಲಿ. ಎರಡಿಂಚಿನ ಬತ್ತಿ ಎರಡೇ ಸಾಕು, ಅವು ಒಂದಕ್ಕೊಂದು ಅಂಟಿಕೊಂಡರೆ ಒಂದನ್ನು ಆರಿಸಿ. ದಾರ ಕಾಲು ಇಂಚಿಗಿಂತ ಉದ್ದ ಬೇಡ. ಸುತ್ತ ಒಂದಡಿಯೊಳಗೆ ಹೂವು, ಕಡ್ಡಿ, ಟಿಶ್ಯೂ ಯಾವುದೂ ಬೇಡ, ಆ ಟೇಬಲ್ ಮೇಲಿನ ಫ್ಯಾನ್ ಬಂದ್. ಸೀರೆ ಸೆರಗು ಟೇಬಲ್ ದಾಟಿ ಬರುವ ಊಟಗಳಲ್ಲಿ ಇಷ್ಟು ಪಾಲಿಸುವುದು ಕಷ್ಟ, ಆದ್ದರಿಂದ ಬಡಿಸಲು ಶುರುವಾದ ಕೂಡಲೇ ಆರಿಸಿಬಿಡುವುದೇ ಸರಿ.

ಬದಲಿಗೆ ಸಣ್ಣ ಬ್ಯಾಟರಿ ಸೀರಿಯಲ್ ಸೆಟ್ ಹಾಕುವವರು ಬಟನ್ ಸೆಲ್ ಇರುವುದನ್ನು ಕೊಳ್ಳಬೇಡಿ, ಪೆನ್ ಟಾರ್ಚ್ ಸೆಲ್ಲಿನದ್ದು ಕೇಳಿ, ಮುಚ್ಚಳಕ್ಕೆ ಸ್ಕ್ರೂ ಇರಲಿ. ಮಗು ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಓಡಬೇಕು.

ಹೂವಿನ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಬೇಲಿ ತುಂಬ ಅರಳುವ ಅಗ್ನಿಶಿಖೆ ಊಟದ ಟೇಬಲ್‌ಗೆ ಬೇಡವೇ ಬೇಡ, ಗಿಡದ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಕಣಗಿಲೆಯೂ ಹಾಗೆಯೇ ವಿಷ. ಮೂಡಿಗೆರೆ, ಸಕಲೇಶಪುರದ ಕಡೆ ತೋಟಗಳಲ್ಲಿ ಬೆಳೆಯುವ ಆಂಥೂರಿಯಂ ಸಾಕು. ಅದರ ರಸವೂ ಬಾಯಿ ಉರಿಸುತ್ತದೆ, ಆದರೆ ದಳ ಉದುರಿ ಎಲೆಗೆ ಬೀಳುವ ಹೂವಲ್ಲ ಅದು.

ಅದನ್ನು ನಿಲ್ಲಿಸಲು ಥರ್ಮಕೋಲೂ ಬೇಡ, ಹೂವು ಚುಚ್ಚಲು ನೀರು ಹೀರಿಸಿ ಬಳಸುವ ಫ್ಲೋರಲ್ ಫೋಮೂ ಬೇಡ. ಫೋಮನ್ನು ನೀರಿಗೆ ಒತ್ತಿ ಮುಳುಗಿಸಿದರೆ ನಡುವೆ ಗಾಳಿ ಸಿಕ್ಕಿ ಅಲ್ಲಿ ಒಣಗೇ ಉಳಿಯುತ್ತದೆ, ಆ ಜಾಗಕ್ಕೆ ಚುಚ್ಚಿದ ಹೂವು ಸಂಜೆಗೆ ಜೋಲುತ್ತದೆ. ಬಾಳೆದಿಂಡು ಇದೆಯಲ್ಲ! ಅವತ್ತೇ ಬೆಳಿಗ್ಗೆ ಕಡಿದ ದಿಂಡನ್ನು ನಾಲ್ಕಿಂಚಿನ ತುಂಡು ಮಾಡಿ, ಚೂಪಾದ ಕಡ್ಡಿಯಿಂದ ತೂತು ಕೊರೆದು, ತೊಟ್ಟನ್ನು ಓರೆಯಾಗಿ ಕತ್ತರಿಸಿ ಒಂದೂವರೆ ಇಂಚು ಆಳಕ್ಕೆ ಇಳಿಸಿ. ನೀರಿನಂಶ ತುಂಬಿರುವ ದಿಂಡು ಸುಲಭವಾಗಿ ಹೊತ್ತುವುದಿಲ್ಲ, ಒಂದು ದಿನದ ಮಟ್ಟಿಗೆ ಹೂವೂ ಬಾಡುವುದಿಲ್ಲ. ಸುತ್ತ ಹಸಿ ಕಾಯಿ ಇರುವ ಕಾಫಿ ರೆಕ್ಕೆಯನ್ನು ಬಣ್ಣ ಹೊಡೆಯದೆ ಹಾಗೇ ಇಡಿ. ಒಟ್ಟು ಎತ್ತರ ಒಂದಡಿ ಮೀರಬಾರದು, ಎದುರಿಗೆ ಕೂತವರ ಮುಖ ಕಾಣಬೇಕು. ದಿಂಡಿನ ಅಡಿಗೆ ಸ್ಟೀಲ್ ತಟ್ಟೆ ಇಡಲು ಮಾತ್ರ ಮರೆಯಬೇಡಿ, ಬಾಳೆಯ ಕಲೆ ಬಟ್ಟೆಗೆ ಹಿಡಿದರೆ ಯಾವ ಸೋಪಿಗೂ ಹೋಗುವುದಿಲ್ಲ, ಛತ್ರದವರು ಬಟ್ಟೆಯ ದುಡ್ಡು ಕೇಳುತ್ತಾರೆ.