ನೆಟ್‌ಸ್ಕೇಪ್ 4, ಐಇ 5, ಒಪೇರಾ 3: ಮೂರನ್ನೂ ಬಳಸಿ ನೋಡಿದೆ

ಕಳೆದ ತಿಂಗಳು ನನ್ನ ಲ್ಯಾಪ್‌ಟಾಪಿನ ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್) ವಿಂಡೋಸ್ 98 ಹಾಕಿ, 1990ರ ದಶಕದ ಈ ಮೂರೂ ಬ್ರೌಸರ್‌ಗಳನ್ನು ಇನ್‌ಸ್ಟಾಲ್ ಮಾಡಿದೆ. ಮೈಕ್ರೋಸಾಫ್ಟ್ ತನ್ನ ಬ್ರೌಸರ್ ಐಇಯನ್ನು, ಅಂದರೆ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು, ವಿಂಡೋಸ್ ಜೊತೆ ಪುಕ್ಕಟೆ ಕೊಟ್ಟಿತು, ಅದಕ್ಕೇ ನೆಟ್‌ಸ್ಕೇಪ್ ಸೋತಿತು ಅಂತ ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ. 1998ರಲ್ಲಿ ಅಮೆರಿಕದ ಸರ್ಕಾರ ಇದಕ್ಕೇ ಕೋರ್ಟಿಗೆ ಹೋಗಿತ್ತು. ಆದರೆ ಅಷ್ಟೇನಾ? ಕಣ್ಣಾರೆ ನೋಡಬೇಕಿತ್ತು.

ಆ ಕಾಲದ ರೀತಿಯಲ್ಲೇ ಟೇಬಲ್ (ಸಾಲು-ಕಂಬಗಳ ಚೌಕಟ್ಟು) ಒಳಗೆ ಟೇಬಲ್ ಇಟ್ಟು ಒಂದು ವೆಬ್ ಪುಟ ಬರೆದೆ. ಕೊನೆಯಲ್ಲಿ ಟೇಬಲ್ ಇಲ್ಲಿಗೆ ಮುಗಿಯಿತು ಅಂತ ಬ್ರೌಸರಿಗೆ ಹೇಳುವ ಗುರುತು, ಅಂದರೆ ಮುಚ್ಚುವ ಟ್ಯಾಗ್, ಹಾಕಲು ಮರೆತಿದ್ದೆ. ಐಇ ಏನೂ ಆಗಿಲ್ಲ ಎಂಬಂತೆ ಪೂರ್ತಿ ಪುಟ ತೋರಿಸಿತು. ನೆಟ್‌ಸ್ಕೇಪಿನಲ್ಲಿ ಬರೀ ಖಾಲಿ ಪರದೆ. ಟ್ಯಾಗ್ ಸೇರಿಸಿದ ಮೇಲೆ ಪುಟ ಬಂತು. ಆಮೇಲೆ ಕಿಟಕಿಯ ಅಂಚು ಹಿಡಿದು ಸ್ವಲ್ಪ ಎಳೆದೆ. ಐಇಯಲ್ಲಿ ಸಾಲುಗಳು ಅಲ್ಲೇ ಸರಿದು ಹೊಂದಿಕೊಂಡವು. ನೆಟ್‌ಸ್ಕೇಪ್ ಇಡೀ ಪುಟವನ್ನು ಮತ್ತೆ ಲೋಡ್ ಮಾಡಿತು. ಫೋನ್ ಲೈನಿನಲ್ಲಿ ನಿಧಾನಕ್ಕೆ ಬರುತ್ತಿದ್ದ ಡಯಲ್-ಅಪ್ ಇಂಟರ್ನೆಟ್ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಕಾರಣ ಒಳಗಿನ ಎಂಜಿನ್, ಅಂದರೆ ಪುಟವನ್ನು ಜೋಡಿಸಿ ತೆರೆಗೆ ತರುವ ಭಾಗ. 1997ರಲ್ಲಿ ಐಇ 4 ಬಂದಾಗ ಮೈಕ್ರೋಸಾಫ್ಟ್ ಟ್ರೈಡೆಂಟ್ ಎಂಬ ಹೊಸ ಎಂಜಿನ್ ತಂದಿತು. ಪುಟ ಬಂದ ಮೇಲೂ ಅದನ್ನು ಬದಲಿಸಿ ಮತ್ತೆ ಜೋಡಿಸುವುದು ಅದಕ್ಕೆ ಗೊತ್ತಿತ್ತು. ನೆಟ್‌ಸ್ಕೇಪ್ ಹಳೆಯ ಎಂಜಿನ್ ಮೇಲೇ ಹೊಸದನ್ನು ಪೇರಿಸುತ್ತಾ ಹೋಗಿತ್ತು. ಹಾಗಾಗಿ ನನ್ನ ಮಟ್ಟಿಗೆ ಐಇ 5 ಬರೀ ಪುಕ್ಕಟೆ ಅಂತ ಗೆಲ್ಲಲಿಲ್ಲ. ಆ ಹೊತ್ತಿಗೆ ಅದು ನಿಜಕ್ಕೂ ಚೆನ್ನಾಗಿತ್ತು.

ಹಾಗಂತ ನೆಟ್‌ಸ್ಕೇಪಿನ ಋಣ ಮರೆಯುವಂಥದ್ದಲ್ಲ. ನಮ್ಮನ್ನು ಗುರುತಿಟ್ಟುಕೊಳ್ಳಲು ವೆಬ್‌ಸೈಟ್ ನಮ್ಮ ಬ್ರೌಸರಿನಲ್ಲಿ ಇಡುವ ಪುಟ್ಟ ಮಾಹಿತಿ, ಅಂದರೆ ಕುಕೀ, ಹುಟ್ಟಿದ್ದು ಅಲ್ಲಿ. ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ವೆಬ್ ಪುಟಗಳಿಗೆ ಚಲನೆ ಕೊಡುವ ಭಾಷೆ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದದ್ದೂ ಅಲ್ಲೇ.

ನನ್ನ ಮನಸ್ಸು ಗೆದ್ದದ್ದು ಮಾತ್ರ ನಾರ್ವೆಯ ಒಪೇರಾ. ಇಡೀ ಬ್ರೌಸರ್ ಒಂದೇ ಫ್ಲಾಪಿಯಲ್ಲಿ ಹಿಡಿಸುತ್ತಿತ್ತು! 'ಜಿ' ಕೀಲಿ ಒತ್ತಿದರೆ ಚಿತ್ರಗಳು ಮಾಯ, ಅಕ್ಷರ ಮಾತ್ರ ಉಳಿಯುತ್ತದೆ. ನಿಧಾನದ ಲೈನಿನಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೆ ಆಗ ಅದರ ಬೆಲೆ 35 ಡಾಲರ್. ಉಳಿದ ಎರಡಕ್ಕಾಗಿ ಬರೆದ ಇಳಿಯುವ ಮೆನುಗಳೂ ಇದರಲ್ಲಿ ತೆರೆಯುತ್ತಿರಲಿಲ್ಲ.

ಕನ್ನಡದ ಕಥೆ ಬೇರೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ಕನ್ನಡದಲ್ಲಿ ಇನ್ನೂ ಬಳಕೆಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ ಫಾಂಟ್‌ಗಳೇ ಗತಿ. ಪುಟದ ಜೊತೆಗೇ ಫಾಂಟ್ ಕಳಿಸಬೇಕು ಅಂದರೆ ಐಇಗೆ ಇಒಟಿ ಕಡತ, ನೆಟ್‌ಸ್ಕೇಪಿಗೆ ಪಿಎಫ್‌ಆರ್ ಕಡತ. ಒಂದೇ ಫಾಂಟನ್ನು ಎರಡು ಸಲ ತಯಾರಿಸಬೇಕಿತ್ತು. ಒಪೇರಾದಲ್ಲಿ ಎರಡೂ ನಡೆಯುತ್ತಿರಲಿಲ್ಲ. ಫಾಂಟ್ ಕಂಪ್ಯೂಟರಿನಲ್ಲೇ ಇರದಿದ್ದರೆ ಕನ್ನಡದ ಜಾಗದಲ್ಲಿ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರಗಳು.

ಈಗ ಆ ಮಷೀನಿನಲ್ಲಿ ಸುಮ್ನೆ ಓದುವುದಕ್ಕೆ ಒಪೇರಾ ತೆರೆಯುತ್ತೇನೆ. ಪುಟ ಬರೆದಾಗ ಮೊದಲು ನೋಡುವುದು ನೆಟ್‌ಸ್ಕೇಪಿನಲ್ಲಿ. ಬಿಟ್ಟುಹೋದ ಟ್ಯಾಗನ್ನು ಅದು ಯಾವತ್ತೂ ಮುಚ್ಚಿಡುವುದಿಲ್ಲ.